ಹುಕ್ಕೇರಿಯ ಮೂಡಲಗಿ ಉಂಡಿ

ಮೂಡಲಗಿ ಉಂಡಿ ಎಂಬ ತಿಂಡಿಯನ್ನು ನೀವು ತಿಂದಿದ್ದೀರಾ?

ಹುಕ್ಕೇರಿಯವರಾದರೆ ತಿಂದೇ ಇರುತ್ತೀರಿ. ಮೂಡಲಗಿಯವರಾದರೆ ಹೆಸರೂ ಕೇಳಿರಲಿಕ್ಕಿಲ್ಲ. ನಾನು ಹುಟ್ಟಿ ಬೆಳೆದದ್ದು ಮೂಡಲಗಿಯಲ್ಲಿ. ಮದುವೆಯಾಗಿ ಹುಕ್ಕೇರಿಗೆ ಬರುವ ತನಕ ನಾನೂ ಅದನ್ನು ಕಣ್ಣಿನಿಂದ ಕಂಡವಳಲ್ಲ.

ಹೋದ ವಾರ ಈ ಉಂಡಿಯ ಮಾತು ಮತ್ತೆ ಬಂತು. ನಾಗರ ಪಂಚಮಿ ಮುಗಿಸಿಕೊಂಡು ನಮ್ಮ ಹೊಸ ಸೊಸೆ ಶಾಂತಾ ತವರೂರು ಅಂಕಲಗಿಯಿಂದ ಬಂದಳು. ಜೊತೆಗೆ ಉಂಡಿಯ ಬುಟ್ಟಿ. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿರುವ ಕಾಲ ಇದು. ದಿಣ್ಣೆ ಬಂದಲ್ಲೆಲ್ಲ ಇಳಿದು ನೂಕಬೇಕು. ಹಾಗೆ ಇಳಿದು ಹತ್ತಿ, ಹತ್ತಿ ಇಳಿದು, ಬುಟ್ಟಿಯನ್ನು ಮಾತ್ರ ತೊಡೆಯಿಂದ ಕೆಳಗಿಡದೆ ತಂದಿದ್ದಳು. ಮರುದಿನ ಉಂಡಿಗಳನ್ನು ಓಣಿಗೆಲ್ಲ ಬೀರಿದೆವು. (ಬೀರುವುದು ಎಂದರೆ ಮನೆಮನೆಗೆ ಹಂಚುವುದು. ಮೈಸೂರು ಕಡೆಯ ಓದುಗರು ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಟ್ಟೆ.)

ಎದುರು ಮನೆಯ ಸಾವಂತ್ರವ್ವ ತನ್ನ ಪಾಲಿನ ಉಂಡಿಯನ್ನು ಹೊಸ್ತಿಲ ಮೇಲೆಯೇ ಬಾಯಿಗೆ ಹಾಕಿಕೊಂಡಳು. ಅವಳ ಬಾಯಲ್ಲಿ ಈಗ ಉಳಿದಿರುವುದು ನಾಲ್ಕಾರು ಹಲ್ಲು, ನಾಲಿಗೆ ಮಾತ್ರ ಮೊದಲಿನಷ್ಟೇ ಗಟ್ಟಿ. ಕಣ್ಣು ಮುಚ್ಚಿ ಮೆದ್ದು, ಕಣ್ಣು ತೆರೆದು ಕೇಳಿದಳು. "ಅಂಕಲಗ್ಯಾಗೂ ಮೂಡಲಗಿ ಉಂಡಿ ಮಾಡ್ತಾರೇನ?"

ಆಮೇಲೆ ಓಣಿಯಲ್ಲಿ ಈ ಮಾತು ಕೇಳಿದ ಶಾಂತಾಗೆ ಏನೂ ಅರ್ಥವಾಗಲಿಲ್ಲ. ಒಂದೆರಡು ದಿನದ ಮೇಲೆ ಒಂದು ಮಧ್ಯಾಹ್ನ ನಾವಿಬ್ಬರೂ ರೇಷನ್ ಜೋಳ ಆರಿಸುತ್ತ ಕೂತಿದ್ದಾಗ ಬಾಯಿ ಬಿಟ್ಟಳು. (ರೇಷನ್ ಜೋಳದಲ್ಲಿ ಕಲ್ಲು ಆರಿಸುವುದಕ್ಕಿಂತ ಕಲ್ಲಿನಲ್ಲಿ ಜೋಳ ಆರಿಸುವುದು ಸುಲಭ.)

"ಅತ್ತಿ, ಮೂಡಲಗಿ ಉಂಡಿ ಅಂದ್ರ ಏನ್ರಿ? ಓಣ್ಯಾಗ ಎಲ್ಲಾರೂ ಅದನ್ನ ಅನ್ನಾಕತ್ತಾರ."

ಅವಳಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳುತ್ತೇನೆ. ಸಂಪಾದಕರು ಈ ವಾರ ಯುದ್ಧದ ಬಗ್ಗೆ ಏನಾದರೂ ಬರೆಯಿರಿ ಎಂದಿದ್ದರು. ಯುದ್ಧದ ಬಗ್ಗೆ ಬರೆಯಲು ಬೇಕಾದಷ್ಟು ಗಂಡಸರಿದ್ದಾರೆ. ಉಂಡಿಯ ಬಗ್ಗೆ ಬರೆಯುವವರು ಯಾರು?

ನನ್ನ ಮದುವೆಯಾದಾಗ ಈ ಯುದ್ಧವಿರಲಿ, ಹಿಂದಿನ ಯುದ್ಧವೂ ಶುರುವಾಗಿರಲಿಲ್ಲ. ನನಗೆ ಸೀರೆಯ ನಿರಿಗೆ ಸರಿಯಾಗಿ ಹಿಡಿಯಲು ಬಾರದ ವಯಸ್ಸು. ಬೇಸಿಗೆಯಲ್ಲಿ ಮದುವೆ, ಶ್ರಾವಣದಲ್ಲಿ ಮೊದಲ ಪಂಚಮಿ. ಅಣ್ಣ ಬಸಪ್ಪ ಗಾಡಿ ಕಟ್ಟಿಕೊಂಡು ಹುಕ್ಕೇರಿಗೆ ಬಂದು ನನ್ನನ್ನು ಕರೆದುಕೊಂಡು ಹೋದ. ಮೂಡಲಗಿಯಲ್ಲಿ ಜೋಕಾಲಿ ಆಡಿದೆ, ಜೋಳದ ಅಳ್ಳು ತಿಂದೆ, ಗೆಳತಿಯರ ಮುಂದೆ ಗಂಡನ ಮನೆಯನ್ನು ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊಗಳಿದೆ. ಎಲ್ಲ ಹೊಸ ಮದುವಣಗಿತ್ತಿಯರೂ ಮಾಡುವುದು ಇಷ್ಟೇ.

ಆದರೆ ಹಬ್ಬ ಮುಗಿಯುತ್ತಿದ್ದಂತೆ ಅವ್ವನ ಮುಖದ ಮೇಲೆ ಚಿಂತೆ ಕಾಣಿಸಿತು. ಮಗಳ ಜೊತೆ ಕಳಿಸಬೇಕಾದ ಬುಟ್ಟಿಯ ಚಿಂತೆ.

ಆ ಬುಟ್ಟಿ ಎಂಥದ್ದು ಎಂಬುದು ಈಗಿನ ಹುಡುಗಿಯರಿಗೆ ಪೂರ್ತಿ ಗೊತ್ತಾಗಲಿಕ್ಕಿಲ್ಲ. ಮೊದಲ ಪಂಚಮಿಯ ಬುಟ್ಟಿ ಗಂಡನ ಮನೆಗೆ ಬಂದ ಸುದ್ದಿ ತಿಳಿದರೆ ಓಣಿಯ ಹೆಂಗಸರೆಲ್ಲ ಪಡಸಾಲೆಗೆ ಬಂದು ಕೂಡುತ್ತಿದ್ದರು. ಅತ್ತೆ ಎಲ್ಲರೆದುರು ಬುಟ್ಟಿ ಬಿಚ್ಚಬೇಕು. ಉಂಡಿ ದೊಡ್ಡದೋ ಸಣ್ಣದೋ, ತುಪ್ಪದ ವಾಸನೆ ಇದೆಯೋ ಇಲ್ಲವೋ, ಏಲಕ್ಕಿ ಹಾಕಿದ್ದಾರೋ ಅಥವಾ ಏಲಕ್ಕಿಯ ಸಿಪ್ಪೆ ತೋರಿಸಿ ಬಿಟ್ಟಿದ್ದಾರೋ, ಎಲ್ಲದರ ತಪಾಸಣೆ ಆಗುತ್ತಿತ್ತು. ಆ ದಿನ ಸೊಸೆಯ ತವರಿಗೆ ಓಣಿ ಒಂದು ಸರ್ಟಿಫಿಕೇಟು ಕೊಡುತ್ತಿತ್ತು. ಒಮ್ಮೆ ಕೊಟ್ಟದ್ದನ್ನು ಜನ್ಮದಲ್ಲಿ ವಾಪಸು ತೆಗೆದುಕೊಳ್ಳುತ್ತಿರಲಿಲ್ಲ.

ನಂಬಿಕೆ ಬರದಿದ್ದರೆ ಪುಡಿ ಚನ್ನವ್ವನ ಕಥೆ ಕೇಳಿ. ಚನ್ನವ್ವ ನಾಗನೂರಿನ ಹೆಣ್ಣು. ನಮ್ಮ ಹುಕ್ಕೇರಿಯ ಓಣಿಗೇ ಸೊಸೆಯಾಗಿ ಬಂದವಳು, ನನಗಿಂತ ಸ್ವಲ್ಪ ಮುಂಚೆ. ಅವಳ ಮೊದಲ ಬುಟ್ಟಿಯ ಉಂಡಿಗಳು ಗಾಡಿಯ ಕುಲುಕಾಟಕ್ಕೆ ಒಡೆದು ಪುಡಿಯಾಗಿದ್ದವು. ಅವಳ ಅತ್ತೆ ಅದನ್ನು ಹಿಡಿ ಹಿಡಿ ಹಂಚಿದಳು. ಅವತ್ತಿನಿಂದ ಅವಳು ಪುಡಿ ಚನ್ನವ್ವ. ಇವತ್ತು ಅವಳಿಗೆ ಮೊಮ್ಮಕ್ಕಳಿದ್ದಾರೆ, ಆ ಮಕ್ಕಳನ್ನೂ ಪುಡಿ ಚನ್ನವ್ವನ ಮೊಮ್ಮಕ್ಕಳು ಎಂದೇ ಗುರುತಿಸುತ್ತಾರೆ.

ನಾಗನೂರು ನಮ್ಮ ಮೂಡಲಗಿಗೆ ಬಾಜೂ ಊರು. ಸುದ್ದಿ ಅವ್ವನ ಕಿವಿಗೆ ಎಂದೋ ಬಿದ್ದಿತ್ತು. ಚನ್ನವ್ವನ ತಾಯಿ ಆಮೇಲೆ ಯಾರ ಮನೆಯ ಹಬ್ಬಕ್ಕೂ ಉಂಡಿ ಕಟ್ಟಲು ಹೋಗಲಿಲ್ಲವಂತೆ. ಅದನ್ನು ಹೇಳುವಾಗ ಅವ್ವ ದನಿ ತಗ್ಗಿಸುತ್ತಿದ್ದಳು.

ಹಾಗೆ ನೋಡಿದರೆ ಅವ್ವ ಹೆದರುವ ಕಾರಣವೇ ಇರಲಿಲ್ಲ. ಉಂಡಿಯ ಜೀವ ಬೆಲ್ಲದ ಪಾಕದಲ್ಲಿ ಇರುತ್ತದೆ. ಪಾಕ ಎಳೆಯದಾದರೆ ಉಂಡಿ ಒಡೆಯುತ್ತದೆ, ಏರಿದರೆ ಕಲ್ಲಾಗುತ್ತದೆ. ಎರಡರ ನಡುವೆ ರೆಪ್ಪೆ ಬಡಿಯುವಷ್ಟು ಹೊತ್ತು. ಆ ಹೊತ್ತನ್ನು ಹಿಡಿಯುವುದರಲ್ಲಿ ನಮ್ಮವ್ವನನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ತೊಟ್ಟಿಲು, ಪಾಕಕ್ಕೆ ಮಾತ್ರ ಅವ್ವನನ್ನೇ ಕರೆಯುತ್ತಿದ್ದರು. ಅವಳು ಹೋಗಿ, ನೀರಿನ ತಾಟಿನಲ್ಲಿ ಒಂದು ಹನಿ ಪಾಕ ಬಿಟ್ಟು, ಬೆರಳಿನಿಂದ ಒಟ್ಟುಗೂಡಿಸಿ, "ಇಳಸ್ರಿ" ಎನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಮನೆಯವರೆಲ್ಲ ಕಾಯುತ್ತಿದ್ದರು. ತನ್ನ ಮನೆಯಲ್ಲಿ ಪಾಕದ ಪಾತ್ರೆಯ ಹತ್ತಿರ ಅವಳು ಇನ್ನೊಬ್ಬರ ಕೈ ಬರಗೊಡುತ್ತಿರಲಿಲ್ಲ.

ಆ ದಿನವೂ ಓಣಿಯ ಹೆಂಗಸರು ಉಂಡಿ ಕಟ್ಟಲು ಬಂದು ಸುತ್ತ ಕೂತಿದ್ದರು. ಎಳ್ಳು ಹುರಿದಾಗಿತ್ತು. ಶೇಂಗಾ ಹುರಿದು ಸಿಪ್ಪೆ ಕೇರಿಯಾಗಿತ್ತು. ಒಲೆಯ ಮೇಲೆ ಬೆಲ್ಲ ಕುದಿಯುತ್ತಿತ್ತು. ಅವ್ವ ತಾಟಿನಲ್ಲಿ ಹನಿ ಬಿಟ್ಟಳು, ಬೆರಳಿನಿಂದ ಮುಟ್ಟಿದಳು. ಪಾಕ ಬಂದಿತ್ತು. ಎಲ್ಲರಿಗೂ ಕಾಣುತ್ತಿತ್ತು.

ಅವ್ವ ಇಳಿಸಲಿಲ್ಲ.

"ಯವ್ವಾ, ಪಾಕ ಬಂದೇತಲ್ಲ" ಎಂದೆ.

"ಗಾಡ್ಯಾಗ ಹೋಗೂ ಉಂಡಿ ಇವು. ಹುಕ್ಕೇರಿ ಮಟಾ ಒಡೀಬಾರದು" ಎಂದಳು.

ಅವಳಿಗೆ ಆಗ ಒಲೆಯ ಮೇಲಿನ ಬೆಲ್ಲ ಕಾಣುತ್ತಿರಲಿಲ್ಲ. ನಾಗನೂರಿನ ಪುಡಿ ಕಾಣುತ್ತಿತ್ತು. ಇನ್ನೊಂದು ಹನಿ ಬಿಟ್ಟಳು, ಮತ್ತೊಂದು ಹನಿ ಬಿಟ್ಟಳು. ಕೊನೆಗೆ ಹನಿ ತಾಟಿಗೆ ಬಿದ್ದು ಟಣ್ ಎಂದಿತು. ಆಗ ಇಳಿಸಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆದರೆ ಪಾಕದ ವಿಷಯದಲ್ಲಿ ಅವ್ವನಿಗೆ ಹೇಳುವವರು ಯಾರು? ಅಂಗೈ ಸುಟ್ಟುಕೊಂಡು, ಬಾಯಿಂದ ಊದಿಕೊಳ್ಳುತ್ತ, ಗಡಬಡಿಸಿ ಕಟ್ಟಿದರು. ಉಂಡಿಗಳು ಗುಂಡಗೆ ಹೊಳೆಯುತ್ತಿದ್ದವು. ಒಂದೂ ಒಡೆಯಲಿಲ್ಲ. ಮುತ್ತಲ ಎಲೆ ಹಾಸಿ, ಬುಟ್ಟಿ ತುಂಬಿ, ಮೇಲೆ ಕುಪ್ಪಸದ ಹೊಸ ಖಣ ಹೊದಿಸಿ, ನಸುಕಿನಲ್ಲಿ ನನ್ನನ್ನು ಗಾಡಿ ಹತ್ತಿಸಿದರು.

ಘಟಪ್ರಭಾ ಸ್ಟೇಷನ್ನಿನ ಹತ್ತಿರ ಅಣ್ಣ ಎತ್ತು ಬಿಚ್ಚಿದ. ದಾರಿಯಲ್ಲಿ ತಿನ್ನಲೆಂದು ಅವ್ವ ಬೇರೆ ಚೀಲದಲ್ಲಿ ಕೆಲವು ಉಂಡಿ ಹಾಕಿಕೊಟ್ಟಿದ್ದಳು. ಅಣ್ಣ ಒಂದನ್ನು ಕಚ್ಚಿದ. ಮತ್ತೆ ಕಚ್ಚಿದ. ಆಮೇಲೆ ಕೆನ್ನೆ ಹಿಡಿದುಕೊಂಡು ಕೂತ. ಎದ್ದು ಹೋಗಿ ಉಂಡಿಯನ್ನು ಗಾಡಿಯ ಗಾಲಿಯ ಕಬ್ಬಿಣದ ಪಟ್ಟಿಗೆ ಕುಟ್ಟಿದ. ಪಟ್ಟಿ ಸದ್ದು ಮಾಡಿತು, ಉಂಡಿ ಹಾಗೇ ಇತ್ತು.

ನಾನೂ ಒಂದನ್ನು ಬಾಯಿಗೆ ಹಾಕಿ ನೋಡಿದೆ. ಒಂದು ಪದರವೂ ಏಳಲಿಲ್ಲ. ಆಗ ನನಗೆ ಅಳು ಬಂತು. ಬುಟ್ಟಿ ತುಂಬ ಇರುವುದು ಇವೇ. ಸಂಜೆಯ ಹೊತ್ತಿಗೆ ಓಣಿಯೆಲ್ಲ ಪಡಸಾಲೆಯಲ್ಲಿ ಕೂತಿರುತ್ತದೆ. ಪುಡಿ ಚನ್ನವ್ವನ ಪಕ್ಕದಲ್ಲಿ ಇನ್ನು ಮೇಲೆ ನಾನು, ಕಲ್ಲುಂಡಿ ಗೌರವ್ವ. ನನ್ನ ಹೆಸರು ಹೋದರೆ ಹೋಗಲಿ, ಊರಿಗೆ ಊರೇ ಪಾಕಕ್ಕೆ ಕರೆಯುವ ನನ್ನ ಅವ್ವ ಮುಖ ಎತ್ತಿ ತಿರುಗುವುದು ಹೇಗೆ?

"ತಂಗಿ, ಕಾಲುವ್ಯಾಗ ಒಗದ ಬಿಡ್ಲೇನ? ಗಾಡಿ ವಾಲಿ ಬಿದ್ದು ಅಂತ ಹೇಳೂಣು" ಎಂದ ಅಣ್ಣ. ಪಾಪ, ಅವನಿಗೆ ತಿಳಿದ ಉಪಾಯ ಅದೊಂದೇ.

ಕಾಲುವೆ ತುಂಬಿ ಹರಿಯುತ್ತಿತ್ತು. ನಾನು ಒಪ್ಪುವವಳೂ ಇದ್ದೆ. ಆದರೆ ಬರಿಗೈಯಲ್ಲಿ ಹೋದ ಸೊಸೆಗೆ ಯಾವ ಹೆಸರು ಇಡುತ್ತಾರೋ ಏನೋ. ಖಣದ ಮೇಲೆ ಕೈ ಇಟ್ಟುಕೊಂಡು ಬೇಡ ಎಂದೆ. ಅಣ್ಣ ಮತ್ತೆ ಎತ್ತು ಹೂಡಿದ. ದಾರಿ ಪೂರ್ತಿ ನಾನು ಒಂದೇ ವಿಚಾರ ಮಾಡಿದೆ. ನಮ್ಮ ಅತ್ತೆ ಏನನ್ನುತ್ತಾಳೆ?

ಅತ್ತೆಯ ಹೆಸರು ಗಂಗವ್ವ. ಎತ್ತರದ ಹೆಣ್ಣುಮಗಳು, ಹಣೆ ತುಂಬ ವಿಭೂತಿ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮಾತೇ ಆಡುತ್ತಿರಲಿಲ್ಲ. ಬೈಯುವ ಅತ್ತೆಯ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಾಗುತ್ತದೆ. ಸುಮ್ಮನಿರುವ ಅತ್ತೆಯದು ಹೇಗೆ ಗೊತ್ತಾಗಬೇಕು? ಬೇಸಿಗೆಯಿಂದ ಶ್ರಾವಣದವರೆಗೆ ನಾನು ಅವಳ ಮುಖ ಪೂರ್ತಿ ನೋಡಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಅಂದುಕೊಂಡಂತೆ ಪಡಸಾಲೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಾವಂತ್ರವ್ವ. (ಆಗ ಅವಳಿಗೆ ಎಲ್ಲ ಹಲ್ಲೂ ಇದ್ದವು.) ಅತ್ತೆ ಬುಟ್ಟಿಯ ಮುಂದೆ ಕೂತಳು. ಖಣ ಸರಿಸಿದಳು. ಒಂದು ಎಳ್ಳುಂಡಿ ಎತ್ತಿಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು.

ಒತ್ತಿದವಳು ತಲೆ ಎತ್ತಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ಗುಂಡಗ ಚಂದ ಅದಾವ" ಎಂದಳು ಸಾವಂತ್ರವ್ವ. "ಬಾಯಿಗೆ ಒಂದೊಂದು ಹಾಕ್ರಲ್ಲ, ರುಚಿ ನೋಡೂಣು."

ಅತ್ತೆ ಉಂಡಿಯನ್ನು ಬುಟ್ಟಿಯೊಳಗಿಟ್ಟು ಖಣ ಎಳೆದಳು.

"ಇನ್ನಾ ಲಿಂಗಕ್ಕ ಎಡಿ ಆಗಿಲ್ಲ, ಹೆಂಗ ಕೊಡಲಿ? ದಿನಾ ಪೂರ್ತಿ ಗಾಡ್ಯಾಗ ಅಲಗಾಡಿ ಬಂದಾವ. ಇವತ್ತ ದಣಿವಾರಿಸಿಕೊಳ್ಳಲಿ. ನಾಳೆ ಬೀರತೀವಿ."

ಉಂಡಿ ದಣಿಯುವುದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಓಣಿಯವರೂ ಮೊದಲು ಕೇಳಿದ್ದಿರಬೇಕು. ಆದರೆ ದೇವರ ಎಡೆಯ ಮಾತು ಬಂದ ಮೇಲೆ ಎದುರಾಡುವಂತಿಲ್ಲ. ಗೊಣಗುತ್ತ ಎದ್ದು ಹೋದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ತಪ್ಪಿದ್ದು ಒಂದು ಸಂಜೆ ಮಾತ್ರ. ಬೆಳಗಾದರೆ ಬೀರಲೇಬೇಕಲ್ಲ.

ಬೆಳಿಗ್ಗೆ ಮಾವ ನನ್ನ ಅಣ್ಣನಿಗೆ ಹೊಲ ತೋರಿಸಲು ಕರೆದುಕೊಂಡು ಹೋದರು. ಅತ್ತೆ ಹೋಗಿ ತಲಬಾಗಿಲಿಗೆ ಅಗಳಿ ಹಾಕಿದಳು. ಹಾಡುಹಗಲೇ ಬಾಗಿಲು ಹಾಕುವುದೆಂದರೆ ನಮ್ಮ ಓಣಿಯಲ್ಲಿ ಅದೇ ಒಂದು ಸುದ್ದಿ.

"ಬುಟ್ಟಿ ತಾ" ಎಂದಳು.

ತಂದಿಟ್ಟೆ. ತಡೆಯಲಾಗದೆ ಅತ್ತುಬಿಟ್ಟೆ. "ನಮ್ಮವ್ವಗ ಏನೂ ಅನಬ್ಯಾಡ್ರಿ. ಆಕಿಗೆ ಪಾಕ ಚಲೋ ಬರತೈತ್ರಿ. ಒಡೀತಾವ ಅಂತ ಅಂಜಿ ಹಿಂಗ ಆತ್ರಿ."

"ನಾ ಯಾಕ ಅನ್ನಲಿ? ಒನಕಿ ಹಿಡಿ."

ಅತ್ತೆ ಉಂಡಿಗಳನ್ನು ಒಂದೊಂದಾಗಿ ಒರಳಿಗೆ ಹಾಕಿದಳು. ನಾನು ಒನಕೆ ಎತ್ತಿ ಹಾಕಿದೆ. ಮೊದಲ ಪೆಟ್ಟಿಗೆ ಒನಕೆಯೇ ಹಿಂದಕ್ಕೆ ಹಾರಿತು. ಆಮೇಲೆ ಇಬ್ಬರೂ ಕೂಡಿ ಕುಟ್ಟಿದೆವು. ಅವಳೊಂದು ಪೆಟ್ಟು, ನಾನೊಂದು ಪೆಟ್ಟು. ಸದ್ದು ಹಿತ್ತಲ ಗೋಡೆ ದಾಟಿ ಹೋಗಿರಬೇಕು. ಗೋಡೆಯಾಚೆಯಿಂದ ಸಾವಂತ್ರವ್ವನ ದನಿ ಬಂತು. ಬಾಗಿಲು ಹಾಕಿದ್ದನ್ನು ನೋಡಿ ಹಿಂದಿನಿಂದ ಬಂದಿದ್ದಳು. ಸಿ.ಐ.ಡಿ.ಯವರು ಇವಳ ಹತ್ತಿರ ಕಲಿಯಬೇಕು.

"ಗಂಗವ್ವಾ, ಏನ ಕುಟ್ಟಾಕತ್ತಿ?"

"ಖಾರ" ಎಂದಳು ಅತ್ತೆ.

ಅಂದಮೇಲೆ ಅವಳಿಗೇ ತಪ್ಪು ಗೊತ್ತಾಯಿತು. ಮೆಣಸಿನಕಾಯಿ ಕುಟ್ಟುವ ಮನೆಯಲ್ಲಿ ಯಾರಾದರೂ ಸುಮ್ಮನಿರುತ್ತಾರೆಯೇ? ಅರ್ಧ ಓಣಿ ಸೀನಬೇಕು. ಅತ್ತೆ ಗಂಟಲು ಸರಿಮಾಡಿಕೊಂಡು ಜೋರಾಗಿ ಕೆಮ್ಮಿದಳು. ನನಗೆ ಮೊಣಕೈಯಿಂದ ತಿವಿದಳು. ನಾನೂ ಕೆಮ್ಮಿದೆ.

"ಶ್ರಾವಣದಾಗ ಯಾರ ಖಾರ ಕುಟ್ಟತಾರ ನಮ್ಮವ್ವಾ?"

"ತೀರೇತಿ. ಏನ್ ಮಾಡೂದು?" ಅತ್ತೆ ಮತ್ತೆ ಕೆಮ್ಮಿದಳು.

"ನನಗ ಯಾಕ ಸೀನ ಬರವಲ್ದು?"

"ಗಾಳಿ ಈ ಕಡೆ ಬೀಸಾಕತ್ತೇತಿ."

ಆಚೆ ಸಾವಂತ್ರವ್ವ ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ನೋಡುತ್ತಿದ್ದಳೋ ಏನೋ. ಆಮೇಲೆ ಅವಳ ಕಾಲ ಸಪ್ಪಳ ದೂರವಾಯಿತು. ನಾನು ಅತ್ತೆಯ ಮುಖ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಗು. ನನಗೂ ತಡೆಯಲಾಗಲಿಲ್ಲ. ಮದುವೆಯಾಗಿ ಅಷ್ಟು ತಿಂಗಳಾದ ಮೇಲೆ ಆ ಮನೆ ನನ್ನದು ಎನಿಸಿದ್ದು ಆ ಒರಳಿನ ಮುಂದೆ.

ಕುಟ್ಟಿದಂತೆಲ್ಲ ಎಳ್ಳು, ಶೇಂಗಾ ಎರಡೂ ಎಣ್ಣೆ ಬಿಟ್ಟುಕೊಂಡವು. ಅತ್ತೆ ಅದಕ್ಕೆ ಬಿಸಿ ತುಪ್ಪ ಸುರಿದಳು, ಏಲಕ್ಕಿ ಹಾಕಿದಳು, ಬೆಚ್ಚಗಿರುವಾಗಲೇ ಮತ್ತೆ ಉಂಡಿ ಕಟ್ಟಿದಳು. ಬಾಯಿಗಿಟ್ಟರೆ ಕರಗುವಷ್ಟು ಮೆತ್ತಗೆ. ನಡುನಡುವೆ, ಏರಿದ ಪಾಕದ ಸಣ್ಣ ಸಣ್ಣ ಚೂರುಗಳು ಹಲ್ಲಿಗೆ ಸಿಕ್ಕು ಕಟುಮ್ ಎನ್ನುತ್ತಿದ್ದವು. ಅದು ಎಳ್ಳುಂಡಿಯೂ ಅಲ್ಲ, ಎಳ್ಳು ಬೆಲ್ಲ ಕುಟ್ಟಿ ಮಾಡುವ ಚಿಗಳಿಯೂ ಅಲ್ಲ. ಹಿಂದೆ ಯಾರೂ ಮಾಡಿರದ ಒಂದು ತಿಂಡಿ.

ಮಧ್ಯಾಹ್ನದೊಳಗೆ ಎಡೆಯಾಯಿತು, ಬೀರುವುದೂ ಆಯಿತು. ಸಾವಂತ್ರವ್ವ ತಿಂದಳು. ಸುತ್ತಲಿದ್ದವರು ಅವಳ ಬಾಯಿ ನೋಡುತ್ತ ನಿಂತರು. ನಾನು ಕಂಬ ಹಿಡಿದುಕೊಂಡು ನಿಂತಿದ್ದೆ.

"ಇಂಥಾ ಉಂಡಿ ನಾ ಹುಟ್ಟಿದಾಗಿಂದ ತಿಂದಿಲ್ಲ" ಎಂದಳು. "ಹೆಂಗ ಮಾಡ್ತಾರ ಇದನ್ನ?"

"ಅದು ಮೂಡಲಗಿ ಪದ್ಧತಿ. ನಮಗೇನ ಗೊತ್ತು?" ಎಂದಳು ಅತ್ತೆ, ನನ್ನ ಕಡೆ ತಿರುಗಿಯೂ ನೋಡದೆ.

ಆಯಿತಲ್ಲ, ಆ ಹೊತ್ತಿಗೆ ಹೆಸರು ಬಿತ್ತು. ಮೂಡಲಗಿ ಉಂಡಿ. ಆಮೇಲೆ ಓಣಿಯವರು ತಾವೂ ಮಾಡಿ ನೋಡಿದರು. ಹುರಿದರು, ಕುಟ್ಟಿದರು, ತುಪ್ಪ ಸುರಿದರು. ಮೆತ್ತಗೆ ಬರುತ್ತಿತ್ತು, ಆ ಚೂರು ಮಾತ್ರ ಬರುತ್ತಿರಲಿಲ್ಲ. ಹೇಗೆ ಬರಬೇಕು? ಮೊದಲು ಯಾರಾದರೂ ಹೆದರಿ ಪಾಕ ಕೆಡಿಸಬೇಕಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ.

ಅಣ್ಣ ಹೊರಡುವಾಗ ಅತ್ತೆ ಖಾಲಿ ಬುಟ್ಟಿಯೊಳಗೆ ಆ ಹೊಸ ಉಂಡಿಗಳನ್ನೇ ಕೆಲವು ಇಟ್ಟುಕೊಟ್ಟಳು. "ನಿಮ್ಮವ್ವಗ ಹೇಳಪಾ, ಆಕಿ ಉಂಡಿ ಓಣಿಗೆಲ್ಲ ಹಿಡಿಸ್ಯಾವ ಅಂತ." ಅಣ್ಣನಿಗೆ ಏನೂ ಗೊತ್ತಿಲ್ಲ. ಅವನು ಮೂಡಲಗಿಗೆ ಹೋದವನೇ ಗಾಲಿಯ ಪಟ್ಟಿಗೆ ಉಂಡಿ ಕುಟ್ಟಿದ ಕಥೆಯನ್ನು ಮೊದಲು ಹೇಳಿದ್ದಾನೆ. (ಗಂಡಸರಿಗೆ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಹೇಳಲೇಬಾರದು ಎಂಬುದು ಇನ್ನೂ ತಿಳಿದಿಲ್ಲ.) ಅವ್ವ ಕುಸಿದು ಕೂತಳಂತೆ. ಆಮೇಲೆ ಬುಟ್ಟಿ ಬಿಚ್ಚಿ ಉಂಡಿ ಬಾಯಿಗೆ ಹಾಕಿಕೊಂಡಳಂತೆ. ಎಳ್ಳು ಅವಳದು, ಬೆಲ್ಲ ಅವಳದು. ಕೈ ಅವಳದಲ್ಲ.

ಯಾರ ಕೈ ಎಂದು ಅವ್ವನಿಗೆ ಆ ಕೂಡಲೇ ಗೊತ್ತಾಗಿದೆ. ಆದರೂ ಯಾರ ಮುಂದೆಯೂ ಮಾತಾಡಲಿಲ್ಲ. ಯಾರಾದರೂ ಪಾಕಕ್ಕೆ ಕರೆದರೆ ಮೈಗೆ ಹುಷಾರಿಲ್ಲ ಎನ್ನತೊಡಗಿದಳು. ಊರು ಅವಳನ್ನು ಏನೂ ಅಂದಿರಲಿಲ್ಲ. ತನಗೆ ತಾನೇ ಹಾಕಿಕೊಂಡ ಶಿಕ್ಷೆ ಅದು.

ಮರುವರ್ಷ ನನ್ನ ಚೊಚ್ಚಲ ಮಗನ ತೊಟ್ಟಿಲ ಕಾರ್ಯ ಮೂಡಲಗಿಯಲ್ಲಿ. ಹುಕ್ಕೇರಿಯಿಂದ ಬೀಗರೆಲ್ಲ ಗಾಡಿ ಕಟ್ಟಿಕೊಂಡು ಬಂದರು. ಬಂದವರ ಕೈಗೆ ಕೊಡಲು ಉಂಡಿ ಆಗಬೇಕಿತ್ತು. ನಾನು ಬಾಣಂತಿ, ಕೋಣೆಯಲ್ಲಿ ಕೂಸಿನ ಜೊತೆ ಮಲಗಿದ್ದೆ. ಬಾಗಿಲ ಸಂದಿಯಿಂದ ಅಡುಗೆಮನೆ ಕಾಣುತ್ತಿತ್ತು. ಒಲೆಯ ಮೇಲೆ ಬೆಲ್ಲ ಕುದಿಯುತ್ತಿತ್ತು. ಅವ್ವ ಸೌಟು ಹಿಡಿದು ನಿಂತಿದ್ದಳು, ತಾಟಿನಲ್ಲಿ ಹನಿ ಬಿಡಲು ಅವಳ ಕೈ ಮುಂದಾಗುತ್ತಿರಲಿಲ್ಲ. ಹೆಂಗಸರೆಲ್ಲ ಕಾಯುತ್ತಿದ್ದರು.

ಅವ್ವ ಸೌಟನ್ನು ಅತ್ತೆಯ ಕಡೆ ಚಾಚಿದಳು.

"ಬೀಗರ, ಪಾಕ ನೀವ ನೋಡ್ರಿ."

ನಮ್ಮವ್ವ ತನ್ನ ಮನೆಯಲ್ಲಿ ಇನ್ನೊಬ್ಬರ ಕೈಗೆ ಸೌಟು ಕೊಟ್ಟದ್ದನ್ನು ಆ ಊರು ಕಂಡಿರಲಿಲ್ಲ. ಈಗ ಹುಕ್ಕೇರಿಯ ಬೀಗತಿಯ ಕೈಗೆ ಕೊಡುತ್ತಿದ್ದಾಳೆ. ನನಗೆ ಎದ್ದು ಹೋಗಿ ಅವಳ ಕೈ ಹಿಡಿಯಬೇಕು ಎನಿಸಿತು.

ಅತ್ತೆ ಸೌಟು ಮುಟ್ಟಲಿಲ್ಲ.

"ನನಗ ಪಾಕ ಬರೂದಿಲ್ರಿ" ಎಂದಳು. ಎಲ್ಲರಿಗೂ ಕೇಳುವ ಹಾಗೆ ಎಂದಳು. "ನಿಮ್ಮ ಮುಂದ ಸುಳ್ಳ ಯಾಕ ಹೇಳಲಿ? ಮದುವ್ಯಾದಾಗಿಂದ ಒಂದ ವರ್ಷನೂ ನನಗ ಪಾಕ ಸರಿ ಬಂದಿಲ್ಲ. ಪ್ರತಿ ಪಂಚಮಿಗೂ ನನ್ನ ಉಂಡಿ ಕಲ್ಲ ಆಗತಾವ. ಬಾಗಲಾ ಹಾಕ್ಕೊಂಡು ಕುಟ್ಟತೇನಿ. ಅದಕ್ಕ ನನಗ ಕುಟ್ಟೂದಷ್ಟ ಬರತೈತಿ. ಪಾಕ ನೀವ ನೋಡಬೇಕ್ರಿ."

ಅವ್ವ ಅವಳನ್ನೇ ನೋಡುತ್ತ ನಿಂತಳು. ಆಮೇಲೆ ನಗಲು ಶುರು ಮಾಡಿದಳು. ನಗುತ್ತ ನಗುತ್ತ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, "ನನ್ನ ಮಗಳ ಹೆಸರ ಉಳಿಸಿದ್ರಿ ನೀವು" ಎಂದಳು.

"ನಿಮ್ಮ ಹೆಸರೂ ಉಳೀಲಿ. ಬೆಲ್ಲಾ ನೋಡ್ರಿ ಮೊದಲ, ಏರೇ ಹೋಗತೈತಿ" ಎಂದಳು ಅತ್ತೆ.

ಅವ್ವ ಗಡಬಡಿಸಿ ತಾಟಿನಲ್ಲಿ ಹನಿ ಬಿಟ್ಟು, ಬೆರಳಿನಿಂದ ಮುಟ್ಟಿ, "ಇಳಸ್ರಿ" ಎಂದಳು. ಸರಿಯಾದ ಹೊತ್ತಿಗೆ ಎಂದಳು. ಆ ಉಂಡಿಗಳ ರುಚಿ ನಾನು ಮತ್ತೆ ಎಲ್ಲೂ ಕಂಡಿಲ್ಲ. ಕೋಣೆಯಲ್ಲಿ ಕೂಸನ್ನು ಎದೆಗೆ ಒತ್ತಿಕೊಂಡು ನಾನೂ ಅತ್ತುಬಿಟ್ಟೆ. ಏಕೆ ಎಂದು ಕೇಳಿದರೆ ಇವತ್ತಿಗೂ ಸರಿಯಾಗಿ ಹೇಳಲಾರೆ. ಇಬ್ಬರು ತಾಯಂದಿರು ನನಗಿದ್ದಾರೆ ಎಂಬ ಸುಖಕ್ಕೆ ಇರಬೇಕು.

ಆಮೇಲೆ ಅವ್ವ ಮತ್ತೆ ಊರವರ ಪಾಕಕ್ಕೆ ಹೋಗತೊಡಗಿದಳು. ವಯಸ್ಸಾದ ಮೇಲೆ ತನ್ನ ಕಲ್ಲುಂಡಿಯ ಕಥೆಯನ್ನು ತಾನೇ ಎಲ್ಲರಿಗೂ ಹೇಳಿ ನಗುತ್ತಿದ್ದಳು. ಆದ್ದರಿಂದಲೇ ಇದನ್ನು ಬರೆಯುವ ಧೈರ್ಯ ನನಗೆ ಬಂದದ್ದು. ಈಗ ಅವ್ವನೂ ಇಲ್ಲ, ಅತ್ತೆಯೂ ಇಲ್ಲ. ಶ್ರಾವಣ ಬಂದರೆ ಇಬ್ಬರೂ ಒಟ್ಟಿಗೇ ನೆನಪಾಗುತ್ತಾರೆ. ಯಾರ ಮನೆಯಲ್ಲಾದರೂ ಎಳ್ಳು ಹುರಿಯುವ ವಾಸನೆ ಬಂದರೆ ನಾನು ಅಲ್ಲೇ ನಿಂತುಬಿಡುತ್ತೇನೆ.

ಕಾಲ ಬದಲಾಗಿದೆ, ಒಪ್ಪುತ್ತೇನೆ. ಸಕ್ಕರೆಗೆ ಕಾರ್ಡು, ಸೀಮೆಎಣ್ಣೆಗೆ ಸಾಲು. ಬೆಲ್ಲ ಸಿಕ್ಕರೆ ಎಳ್ಳು ಸಿಗುವುದಿಲ್ಲ. ಓಣಿಗೆಲ್ಲ ಬೀರುವಷ್ಟು ಉಂಡಿ ಕಟ್ಟುವುದು ಸಣ್ಣ ಮಾತಲ್ಲ. ಅದಕ್ಕೇ ಈಗ ಕೆಲವರು ಮಗಳ ಜೊತೆ ಗೋಕಾಕದ ಕರದಂಟಿನ ಪೊಟ್ಟಣ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಕರದಂಟಿನ ಮೇಲೆ ನನ್ನ ತಕರಾರಿಲ್ಲ, ಸಿಕ್ಕರೆ ನಾನೇ ಮೊದಲು ಕೈ ಹಾಕುತ್ತೇನೆ. ಅದು ಫಸ್ಟ್ ಕ್ಲಾಸ್ ತಿಂಡಿ. ಆದರೆ ಪೊಟ್ಟಣದ ತಿಂಡಿ ಕೆಟ್ಟರೆ ಅಂಗಡಿಯವನ ಹೆಸರು ಕೆಡುತ್ತದೆ, ಅಷ್ಟೇ. ಅದಕ್ಕಾಗಿ ಯಾರೂ ಗಾಡಿಯಲ್ಲಿ ಕೂತು ಅಳುವುದಿಲ್ಲ. ಯಾರೂ ಯಾರಿಗಾಗಿಯೂ ಸುಳ್ಳು ಹೇಳಬೇಕಾಗುವುದಿಲ್ಲ. ನನಗೆ ಹಂಬಲ ಇರುವುದು ಉಂಡಿಗಲ್ಲ, ಆ ಸುಳ್ಳಿಗೆ.

ಇಷ್ಟನ್ನೂ ಶಾಂತಾಗೆ ಹೇಳಿ ಮುಗಿಸಿದೆ. ಅವಳು ನಗಲಿಲ್ಲ. ಮೊರದಲ್ಲಿದ್ದ ಜೋಳದ ಮೇಲೆ ಅವಳ ಬೆರಳು ನಿಂತುಬಿಟ್ಟಿತ್ತು. ತಲೆ ಎತ್ತಿದಳು.

"ಅತ್ತಿ, ನಾ ಅಂಕಲಗಿಯಿಂದ ಬಂದ ಮರುದಿನ ಮುಂಜಾನೆ ನನ್ನ ಮಠಕ್ಕ ಕಳಿಸಿದ್ರಿ. ನಾ ತಿರುಗಿ ಬರೂದ್ರಾಗ ಉಂಡಿ ಬೀರೂದ ಮುಗಿದಿತ್ತು. ಒಂದೂ ನನ್ನ ಬಾಯಿಗೆ ಬೀಳಲಿಲ್ಲ." ಅವಳ ದನಿ ಸಣ್ಣದಾಯಿತು. "ಅವು ನಮ್ಮವ್ವ ಕಟ್ಟಿದ ಉಂಡಿ ಹೌದಲ್ರಿ?"

ಈ ಪತ್ರಿಕೆ ಅಂಕಲಗಿಗೂ ಹೋಗುತ್ತದೆ, ಅವಳ ಅವ್ವನಿಗೆ ಯಾರಾದರೂ ಓದಿ ಹೇಳುತ್ತಾರೆ. ಆದ್ದರಿಂದ ಅವಳಿಗೆ ಕೊಟ್ಟ ಉತ್ತರವನ್ನು ಇಲ್ಲಿ ಅಚ್ಚಿಗೂ ಕೊಡುತ್ತಿದ್ದೇನೆ: ಆ ಉಂಡಿಗಳಲ್ಲಿ ಒಂದಕ್ಕೂ ನನ್ನ ಕೈ ತಾಗಿಲ್ಲ.